ಸೆಕೆಂಡ್ ಹ್ಯಾಂಡ್ ಐಷಾರಾಮಿ ಎಸ್‌ಯುವಿ: ಕೊಳ್ಳುವ ಮುನ್ನ ನೋಡಬೇಕಾದ್ದು

ಬಿಎಂಡಬ್ಲ್ಯು ಎಕ್ಸ್3, ಮರ್ಸಿಡಿಸ್ ಬೆಂಜ್ ಜಿಎಲ್‌ಸಿ, ಆಡಿ ಕ್ಯೂ5, ವೋಲ್ವೊ ಎಕ್ಸ್‌ಸಿ60. ಮಧ್ಯಮ ಗಾತ್ರದ ಐಷಾರಾಮಿ ಎಸ್‌ಯುವಿ ಎಂದರೆ ಭಾರತದ ರಸ್ತೆಗಳಲ್ಲಿ ಮುಖ್ಯವಾಗಿ ಈ ನಾಲ್ಕು. ಉದ್ದ ಸುಮಾರು 4.6ರಿಂದ 4.7 ಮೀಟರ್, ಐವರಿಗೆ ಆಸನ, ಹೆಚ್ಚಿನವುಗಳಲ್ಲಿ ಎರಡು ಲೀಟರಿನ ಟರ್ಬೊ ಎಂಜಿನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹಂಚುವ ವ್ಯವಸ್ಥೆ. ಹೊಸದರ ಶೋರೂಂ ಬೆಲೆಯೇ ಈಚಿನ ವರ್ಷಗಳಲ್ಲಿ 60 ಲಕ್ಷ ರೂಪಾಯಿ ದಾಟಿದೆ. ಅದೇ ವಾಹನ ಆರೇಳು ವರ್ಷ ಓಡಿದ ಮೇಲೆ ಹೊಸ ಇನ್ನೋವಾ ಹೈಕ್ರಾಸ್‌ನ ಬೆಲೆಗೆ ಸಿಗುವುದುಂಟು. ಮಧ್ಯಮ ವರ್ಗದ ಅನೇಕ ಕುಟುಂಬಗಳು ಮೊದಲ ಬಾರಿಗೆ ಐಷಾರಾಮಿ ವಾಹನದ ಬಾಗಿಲು ತೆರೆಯುವುದು ಈ ದಾರಿಯಲ್ಲೇ.

ಬೆಲೆ ಇಷ್ಟು ಬೇಗ ಇಳಿಯುವುದಕ್ಕೆ ಕಾರಣ ವಾಹನ ಕೆಟ್ಟದ್ದು ಎಂದಲ್ಲ. ವಿಮಾ ಕಂಪನಿಗಳು ಬಳಸುತ್ತ ಬಂದಿರುವ ಸವಕಳಿ ಪಟ್ಟಿಯಲ್ಲಿ ಯಾವುದೇ ಕಾರಿನ ಮೌಲ್ಯ ನಾಲ್ಕು ವರ್ಷ ದಾಟಿ ಐದರೊಳಗಿದ್ದರೆ ಶೇ 50ರಷ್ಟು ಕಡಿತಗೊಳ್ಳುತ್ತದೆ. ಹತ್ತು ಲಕ್ಷದ ಕಾರಿನಲ್ಲಿ ಆ ನಷ್ಟ ಐದು ಲಕ್ಷ, ಎಪ್ಪತ್ತು ಲಕ್ಷದ ಕಾರಿನಲ್ಲಿ ಮೂವತ್ತೈದು. ಮೊದಲ ಮಾಲೀಕ ಆ ನಷ್ಟವನ್ನು ನುಂಗಿಕೊಂಡಿರುತ್ತಾನೆ. ಎರಡನೆಯವನಿಗೆ ಲಾಭವಾಗುವುದು ಅಲ್ಲಿಯೇ. ಆದರೆ ಬಿಡಿಭಾಗಗಳಿಗೆ ಈ ಸವಕಳಿ ಪಟ್ಟಿ ಅನ್ವಯಿಸುವುದಿಲ್ಲ. ಮೂವತ್ತು ಲಕ್ಷಕ್ಕೆ ಕೊಂಡ ಎಕ್ಸ್3ಗೆ ಬೇಕಾದ ಬ್ರೇಕ್ ಡಿಸ್ಕ್, ಎಪ್ಪತ್ತು ಲಕ್ಷದ ಎಕ್ಸ್3ಗೆ ಹಾಕುವ ಅದೇ ಡಿಸ್ಕ್. ಇಡೀ ಎಲ್‌ಇಡಿ ಹೆಡ್‌ಲ್ಯಾಂಪ್ ಒಂದನ್ನು ಬದಲಿಸಿದರೆ ಬಿಲ್ಲು ಲಕ್ಷ ದಾಟುವುದು ಈ ವರ್ಗದಲ್ಲಿ ಸಾಮಾನ್ಯ. ಹೀಗಾಗಿ ಇಂಥ ವಾಹನವನ್ನು ಅಳೆಯುವಾಗ ಅದರ ಮೇಲಿನ ಲಾಂಛನಕ್ಕಿಂತ ಹಿಂದಿನ ಮಾಲೀಕ ಅದನ್ನು ಹೇಗೆ ಸಾಕಿದ ಎಂಬುದೇ ಹೆಚ್ಚು ತೂಗಬೇಕು. ಚೆನ್ನಾಗಿ ನೋಡಿಕೊಂಡ ಎಂಟು ವರ್ಷದ ವಾಹನ, ನಿರ್ಲಕ್ಷ್ಯಕ್ಕೊಳಗಾದ ನಾಲ್ಕು ವರ್ಷದ ವಾಹನಕ್ಕಿಂತ ಮೇಲು.

ಮೊದಲು ತಲೆಮಾರು ಗುರುತಿಸಿಕೊಳ್ಳಬೇಕು. ಎಕ್ಸ್3ರ ಎರಡನೇ ತಲೆಮಾರು 2010ರಿಂದ 2017ರವರೆಗೆ ತಯಾರಾಯಿತು. ಮೂರನೆಯದು ಭಾರತಕ್ಕೆ 2018ರಲ್ಲಿ ಬಂತು. ಜಿಎಲ್‌ಸಿ ಇಲ್ಲಿ ಬಿಡುಗಡೆಯಾದದ್ದು 2016ರಲ್ಲಿ. ಎರಡನೇ ತಲೆಮಾರಿನ ಎಕ್ಸ್‌ಸಿ60 2017ರ ಕೊನೆಗೆ, ಎರಡನೇ ತಲೆಮಾರಿನ ಕ್ಯೂ5 2018ರ ಆರಂಭಕ್ಕೆ ಬಂದವು. 2020ರ ಏಪ್ರಿಲ್ 1ರಂದು ಹೊಗೆಯ ಮಿತಿ ಬಿಗಿಗೊಳಿಸಿದ ಬಿಎಸ್6 ನಿಯಮ ಜಾರಿಯಾದಾಗ ಮಾರುಕಟ್ಟೆ ಇಬ್ಭಾಗವಾಯಿತು. ಆಡಿ ಭಾರತದಲ್ಲಿ ಡೀಸೆಲನ್ನೇ ಕೈಬಿಟ್ಟಿತು. 2021ರ ನವೆಂಬರ್‌ನಲ್ಲಿ ಮರಳಿ ಬಂದ ಕ್ಯೂ5 ಪೆಟ್ರೋಲ್ ಮಾತ್ರ. ವೋಲ್ವೊ ಕೂಡ ಪೆಟ್ರೋಲ್ ಮೈಲ್ಡ್ ಹೈಬ್ರಿಡ್‌ಗೆ ಹೊರಳಿತು. ಬಿಎಂಡಬ್ಲ್ಯು ಮತ್ತು ಮರ್ಸಿಡಿಸ್ ಎರಡೂ ಇಂಧನಗಳನ್ನು ಉಳಿಸಿಕೊಂಡವು. ಇವೆಲ್ಲ ಭಾರತದಲ್ಲೇ ಜೋಡಣೆಯಾಗುವ ವಾಹನಗಳು: ಬಿಎಂಡಬ್ಲ್ಯು ಚೆನ್ನೈ ಬಳಿ, ಮರ್ಸಿಡಿಸ್ ಪುಣೆಯ ಚಾಕಣದಲ್ಲಿ, ಆಡಿ ಔರಂಗಾಬಾದಿನಲ್ಲಿ, ವೋಲ್ವೊ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಜೋಡಣೆ ಇಲ್ಲಿಯದಾದರೂ ಮುಖ್ಯ ಭಾಗಗಳಲ್ಲಿ ಹೆಚ್ಚಿನವು ಹೊರದೇಶದಿಂದಲೇ ಬರುತ್ತವೆ. ಒಂದು ಸೆನ್ಸರ್‌ಗಾಗಿ ವಾರಗಟ್ಟಲೆ ಕಾಯಬೇಕಾಗಿ ಬರುವುದೂ ಇದರಿಂದಲೇ.

ವಾಹನ ನೋಡಲು ಹೊರಡುವ ಮುನ್ನವೇ ಅರ್ಧ ಕೆಲಸ ಮುಗಿಯಬೇಕು, ಮತ್ತು ಅದು ಕಾಗದದ ಕೆಲಸ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ವಾಹನದ ನೋಂದಣಿ ದಿನಾಂಕ, ಎಷ್ಟನೇ ಮಾಲೀಕ, ಸಾಲ ಬಾಕಿ ಇದೆಯೇ, ವಿಮೆ ಯಾವಾಗ ಮುಗಿಯುತ್ತದೆ ಎಂಬ ವಿವರ ಸಿಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಮಾರುವವನು ಸಾಲ ತೀರಿಸಿ, ಬ್ಯಾಂಕಿನ ಎನ್‌ಒಸಿ ಮತ್ತು ಸಹಿಯಾದ ಫಾರಂ 35 ತರಬೇಕು. ‘ಸಾಲ ತೀರಿದೆ, ಹೆಸರು ತೆಗೆಸುವುದಷ್ಟೇ ಬಾಕಿ’ ಎಂಬ ಬಾಯಿಮಾತಿಗೆ ಮುಂಗಡ ಕೊಡಬಾರದು. ಚಾಸಿ ಸಂಖ್ಯೆ 17 ಅಕ್ಷರ ಮತ್ತು ಅಂಕಿಗಳದ್ದು. ಅದು ಆರ್‌ಸಿಯಲ್ಲಿ, ವಿಮಾ ಪತ್ರದಲ್ಲಿ, ವಾಹನದ ಮೈಮೇಲೆ ಎಲ್ಲೆಡೆ ಒಂದೇ ಆಗಿರಬೇಕು. ಅದೇ ಸಂಖ್ಯೆಯನ್ನು ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೊಟ್ಟು, ಆ ವಾಹನಕ್ಕೆ ಯಾವುದಾದರೂ ರೀಕಾಲ್ ಬಾಕಿ ಇದೆಯೇ ಎಂದೂ ವಿಚಾರಿಸಬೇಕು.

ವಿಮಾ ಪತ್ರ ಹೇಳುವ ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೂ ಪ್ರೀಮಿಯಂನಲ್ಲಿ ಸಿಗುವ ನೋ ಕ್ಲೇಮ್ ಬೋನಸ್ ಶೇ 20ರಿಂದ ಶುರುವಾಗಿ 25, 35, 45 ಎಂದು ಏರಿ ಐದನೇ ವರ್ಷಕ್ಕೆ 50 ತಲುಪುತ್ತದೆ. ಒಂದೇ ಕೈಯಲ್ಲಿದ್ದ ಐದು ವರ್ಷದ ವಾಹನದ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಅಥವಾ ಶೇ 20 ಎಂದಿದ್ದರೆ, ಈಚೆಗೆ ಕ್ಲೇಮ್ ಆಗಿರುವ ಸಾಧ್ಯತೆ ಹೆಚ್ಚು. ಕ್ಲೇಮ್ ಆದದ್ದೇ ತಪ್ಪಲ್ಲ. ಬಂಪರ್ ಗೀರಿಗೂ ಜನ ಕ್ಲೇಮ್ ಮಾಡುತ್ತಾರೆ. ಆದರೆ ಯಾವುದಕ್ಕೆ, ಎಷ್ಟು ಮೊತ್ತಕ್ಕೆ ಎಂಬ ಬಿಲ್ಲು ಕೇಳಬೇಕು. ‘ಆಕ್ಸಿಡೆಂಟ್ ಆಗಿಯೇ ಇಲ್ಲ’ ಎಂದವನು ಆಮೇಲೆ ಬಿಲ್ಲು ತೋರಿಸಿದರೆ ಉಳಿದ ಮಾತುಗಳ ಬೆಲೆಯೂ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಕೊಳ್ಳುವವರಿಗೆ ನೋಂದಣಿಯ ರಾಜ್ಯ ದೊಡ್ಡ ಪ್ರಶ್ನೆ. ಇಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಜೀವಾವಧಿ ತೆರಿಗೆ ಶೇ 18. ಸೆಸ್ ಸೇರಿದರೆ 20ರ ಹತ್ತಿರ. ದೇಶದ ಅತಿ ಹೆಚ್ಚಿನ ದರಗಳಲ್ಲಿ ಇದೂ ಒಂದು. ಕೆಎ ಫಲಕದ ವಾಹನ ಯಾವಾಗಲೂ ದುಬಾರಿ ಇರುವುದು, ಹೊರರಾಜ್ಯದ ವಾಹನ ಅಗ್ಗವಾಗಿ ಕಾಣುವುದು ಇದರಿಂದ. ದೆಹಲಿಯ ಡೀಸೆಲ್ ವಾಹನಗಳು ಅಗ್ಗವಾಗಲು ಇನ್ನೂ ಒಂದು ಕಾರಣವಿತ್ತು. 10 ವರ್ಷ ಮೀರಿದ ಡೀಸೆಲ್ ವಾಹನ ಅಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಡುವು ಹತ್ತಿರವಾದಂತೆ ಅಲ್ಲಿಯ ವಾಹನಗಳು ದಕ್ಷಿಣಕ್ಕೆ ಇಳಿದವು. ಹೊರರಾಜ್ಯದ ಯಾವುದೇ ವಾಹನ ತಂದರೆ ಫಾರಂ 28ರ ಎನ್‌ಒಸಿ ಬೇಕು. ಮೋಟಾರು ವಾಹನ ಕಾಯಿದೆಯ 47ನೇ ಕಲಮಿನ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿರುವ ವಾಹನ ಇಲ್ಲಿಯ ನೋಂದಣಿ ಪಡೆಯಬೇಕು. ವಯಸ್ಸಿಗೆ ತಕ್ಕ ಕಡಿತದ ನಂತರವೂ ಇಲ್ಲಿಯ ತೆರಿಗೆ ಹಲವು ಲಕ್ಷವಾಗಬಹುದು. ಆ ರಾಜ್ಯದಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಪಾಲನ್ನು ವಾಪಸ್ ಪಡೆಯಲು ಅವಕಾಶವಿದೆ, ಆದರೆ ಆ ಹಣವನ್ನು ನೆಚ್ಚಿ ಲೆಕ್ಕ ಹಾಕುವುದು ಜಾಣತನವಲ್ಲ. ಪುದುಚೇರಿಯಂಥ ಕಡೆ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುತ್ತಿದ್ದ ಐಷಾರಾಮಿ ಕಾರುಗಳನ್ನು ಸಾರಿಗೆ ಅಧಿಕಾರಿಗಳು ಜಪ್ತಿ ಮಾಡಿ ತೆರಿಗೆ ವಸೂಲಿ ಮಾಡಿದ ಪ್ರಕರಣಗಳು ಹಲವು. ರಾಜ್ಯ ಬದಲಿಸಿದರೂ ಮರುನೋಂದಣಿ ಬೇಡದ ಬಿಎಚ್ ಸರಣಿಯ ವಾಹನವಾದರೆ, ಆ ಸೌಲಭ್ಯಕ್ಕೆ ಅರ್ಹರಲ್ಲದವರು ಕೊಂಡಾಗ ರಾಜ್ಯದ ನೋಂದಣಿಗೆ ಬದಲಿಸಿ ಇಲ್ಲಿಯ ತೆರಿಗೆ ಕಟ್ಟಬೇಕು.

ಕಾಗದಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸರ್ವಿಸ್ ದಾಖಲೆ. ಹೊಸ ತಲೆಮಾರಿನ ವಾಹನಗಳಲ್ಲಿ ಮುದ್ರೆ ಒತ್ತಿದ ಪುಸ್ತಕವೇ ಇರುವುದಿಲ್ಲ. ಎಲ್ಲ ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ. ಮಾಲೀಕ ಮನಸ್ಸು ಮಾಡಿದರೆ ಸರ್ವಿಸ್ ಸೆಂಟರ್‌ನಿಂದ ಪ್ರತಿ ಭೇಟಿಯ ದಿನಾಂಕ, ಕಿಲೋಮೀಟರು, ಮಾಡಿದ ಕೆಲಸದ ಪಟ್ಟಿ ತರಬಹುದು. ಕೊಡಲು ಹಿಂದೇಟು ಹಾಕುವವನ ವಾಹನವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ವಾರಂಟಿ ಮುಗಿದ ಮೇಲೆ ಹೊರಗಿನ ಗ್ಯಾರೇಜಿಗೆ ಒಯ್ಯುವುದು ತಪ್ಪೇನಲ್ಲ. ಜರ್ಮನ್ ಕಾರುಗಳನ್ನೇ ನೋಡುವ ಪರಿಣತ ಗ್ಯಾರೇಜುಗಳು ಬೆಂಗಳೂರಿನಲ್ಲಿವೆ. ಆದರೆ ಅಲ್ಲಿಯ ಬಿಲ್ಲುಗಳೂ ಇರಬೇಕು, ಯಾವ ದರ್ಜೆಯ ಆಯಿಲ್ ಹಾಕಿದರು ಎಂಬುದು ಅದರಲ್ಲಿ ಕಾಣಬೇಕು.

ಈ ಸರ್ವಿಸ್ ಪಟ್ಟಿಯಿಂದಲೇ ಮೀಟರ್ ತಿರುಗಿಸಿದ್ದನ್ನೂ ಹಿಡಿಯಬಹುದು. 2021ರಲ್ಲಿ 78,000 ಕಿಲೋಮೀಟರಿಗೆ ಸರ್ವಿಸ್ ಆದ ವಾಹನ ಇಂದು 61,000 ತೋರಿಸಿದರೆ ಬೇರೆ ಸಾಕ್ಷಿ ಬೇಡ. ಡಿಜಿಟಲ್ ಮೀಟರನ್ನು ಬದಲಿಸುವುದು ಲ್ಯಾಪ್‌ಟಾಪ್ ಇದ್ದವರಿಗೆ ಕಷ್ಟದ ಕೆಲಸವಲ್ಲ. ಆದರೆ ಈ ವಾಹನಗಳಲ್ಲಿ ಓಡಿದ ದೂರ ಮೀಟರಿನಲ್ಲಷ್ಟೇ ಅಲ್ಲದೆ ಬೇರೆ ನಿಯಂತ್ರಣ ಘಟಕಗಳಲ್ಲೂ ದಾಖಲಾಗಿರುತ್ತದೆ. ಬಿಎಂಡಬ್ಲ್ಯು ಕೀಲಿಯೊಳಗೂ ಒಂದು ದಾಖಲೆ ಇರುತ್ತದೆ. ಸರಿಯಾದ ಉಪಕರಣವಿರುವ ಮೆಕ್ಯಾನಿಕ್ ಇವನ್ನೆಲ್ಲ ಓದಿ ಹೋಲಿಸಬಲ್ಲ. ಕಣ್ಣಿಗೂ ಕೆಲವು ಸುಳಿವು ಸಿಗುತ್ತವೆ: 40,000 ಕಿಲೋಮೀಟರ್ ಓಡಿದ ವಾಹನದ ಸ್ಟಿಯರಿಂಗ್ ಚರ್ಮ ಕನ್ನಡಿಯಂತೆ ಹೊಳೆಯಬಾರದು, ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ ಸವೆದಿರಬಾರದು, ಡ್ರೈವರ್ ಸೀಟಿನ ಬಾಗಿಲ ಬದಿಯ ಅಂಚು ಕುಸಿದಿರಬಾರದು.

ನೀರಿನಲ್ಲಿ ಮುಳುಗಿದ ವಾಹನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಿದೆ, ಏಕೆಂದರೆ ದಕ್ಷಿಣದ ಮಾರುಕಟ್ಟೆಯಲ್ಲಿ ಈ ಅಪಾಯ ನಿಜವಾದದ್ದು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಹೊತ್ತಿಗೆ ಮತ್ತೆ ಚೆನ್ನೈ ಮುಳುಗಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ದುಬಾರಿ ಕಾರುಗಳು ನಿಂತಲ್ಲೇ ಮುಳುಗಿದ ಚಿತ್ರಗಳನ್ನು ದೇಶವೇ ನೋಡಿತು. ದುರಸ್ತಿ ವೆಚ್ಚ ವಿಮಾ ಮೌಲ್ಯದ ಶೇ 75 ಮೀರಿದರೆ ವಿಮಾ ಕಂಪನಿ ಆ ವಾಹನವನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸಿ ಹಣ ಕೊಡುತ್ತದೆ. ವಾಹನ ಹರಾಜಿಗೆ ಹೋಗುತ್ತದೆ. ಅಲ್ಲಿ ಕೊಂಡವರು ತೊಳೆದು, ಒಣಗಿಸಿ, ಪಾಲಿಶ್ ಹಾಕಿ ಇನ್ನೊಂದು ಊರಿನಲ್ಲಿ ಮಾರುವುದುಂಟು.

ಇಂಥ ವಾಹನ ಒಂದೆರಡು ತಿಂಗಳು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಕಾರ್ಪೆಟ್ಟಿನ ಕೆಳಗೆ ಹಾದುಹೋಗುವ ವೈರಿಂಗಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಬೆಳೆದು ಒಂದೊಂದೇ ಘಟಕ ಕೈಕೊಡತೊಡಗುತ್ತದೆ. ಏರ್‌ಬ್ಯಾಗು, ಸೀಟ್ ಮೋಟಾರು, ಪಾರ್ಕಿಂಗ್ ಸೆನ್ಸರ್ ಎಂದು ಸಾಲು ಸಾಲಾಗಿ. ಪತ್ತೆ ಹಚ್ಚುವ ಬಗೆ ಸರಳ. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡಬೇಕು. ಸುರುಳಿಯ ಕೊನೆಯ ಭಾಗವನ್ನು ಯಾರೂ ತೊಳೆದಿರುವುದಿಲ್ಲ, ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಮುಂದಿನ ಸೀಟುಗಳನ್ನು ಹಿಂದಕ್ಕೆ ಸರಿಸಿ ಕೆಳಗಿನ ಹಳಿ ಮತ್ತು ಬೋಲ್ಟುಗಳಲ್ಲಿ ತುಕ್ಕು ಇದೆಯೇ ನೋಡಬೇಕು. ಡಿಕ್ಕಿಯ ನೆಲದ ಹಲಗೆ ಎತ್ತಿ, ಕೆಳಗಿನ ಗುಂಡಿಯ ಮೂಲೆಗಳಲ್ಲಿ ಬೆರಳಾಡಿಸಬೇಕು. ಡ್ಯಾಶ್‌ಬೋರ್ಡಿನ ಅಡಿಯ ಸ್ಕ್ರೂಗಳು, ಹೆಡ್‌ಲ್ಯಾಂಪಿನೊಳಗಿನ ಮಂಜು, ಎಸಿ ಹಾಕಿದ ಕೂಡಲೇ ಬರುವ ಮುಗ್ಗಲು ವಾಸನೆ, ಅಥವಾ ಅದನ್ನು ಮುಚ್ಚಲು ಸುರಿದ ಸುಗಂಧ, ಇವೂ ಸುಳಿವುಗಳೇ. ಮಂಗಳೂರು, ಉಡುಪಿ ಕಡೆಯಲ್ಲಿ ಓಡಿದ ವಾಹನವಾದರೆ ಕಡಲ ಗಾಳಿಯ ಉಪ್ಪಿನಿಂದ ತಳಭಾಗದ ಬೋಲ್ಟುಗಳು ತುಕ್ಕು ಹಿಡಿದಿವೆಯೇ ಎಂದು ಲಿಫ್ಟ್ ಮೇಲೆ ಏರಿಸಿ ನೋಡಬೇಕು.

ಮೈಯ ಪರೀಕ್ಷೆ ಹಗಲು ಬೆಳಕಿನಲ್ಲೇ ಆಗಬೇಕು. ಬೇಸ್‌ಮೆಂಟಿನ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕಾರೂ ಹೊಸದೇ. ಪೇಂಟಿನ ದಪ್ಪ ಅಳೆಯುವ ಪುಟ್ಟ ಮೀಟರು ಈಗ ಸುಲಭವಾಗಿ ಸಿಗುತ್ತದೆ. ಕಾರ್ಖಾನೆಯ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಬಾಗಿಲಲ್ಲಿ ಮಾತ್ರ 300 ತೋರಿಸಿದರೆ ಅಲ್ಲಿ ಮರುಪೇಂಟಿಂಗ್ ಆಗಿದೆ, ಸಾವಿರದ ಹತ್ತಿರ ಹೋದರೆ ಕೆಳಗೆ ಪುಟ್ಟಿ ತುಂಬಿದ್ದಾರೆ. ಈ ವರ್ಗದ ಕೆಲವು ವಾಹನಗಳ ಬಾನೆಟ್ಟು ಅಲ್ಯೂಮಿನಿಯಂನದ್ದು. ಅಲ್ಲಿ ಅಯಸ್ಕಾಂತ ಅಂಟುವುದಿಲ್ಲ. ಅಲ್ಯೂಮಿನಿಯಂ ಅಳೆಯಬಲ್ಲ ಮೀಟರೇ ಬೇಕು. ಗಾಜುಗಳ ಮೂಲೆಯಲ್ಲಿ ತಯಾರಕರ ಗುರುತು ಮತ್ತು ವರ್ಷದ ಸಂಕೇತ ಇರುತ್ತದೆ. ಒಂದು ಗಾಜಿನದು ಮಾತ್ರ ಬೇರೆಯಾಗಿದ್ದರೆ ಅದು ಬದಲಾದದ್ದು. ಬಾನೆಟ್ಟು ಮತ್ತು ಮಡ್‌ಗಾರ್ಡಿನ ಬೋಲ್ಟುಗಳ ಮೇಲಿನ ಬಣ್ಣ ಕೆದರಿದ್ದರೆ ಪಾನಾ ಹಾಕಿ ಬಿಚ್ಚಿದ್ದಾರೆ ಎಂದರ್ಥ. ಬಂಪರಿನ ಮರುಪೇಂಟಿಂಗ್ ಬೆಂಗಳೂರಿನ ವಾಹನದಲ್ಲಿ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಬಾಗಿಲ ಕಂಬಗಳು, ಚಾವಣಿ, ಮುಂದಿನ ಚಾಸಿಯ ಕೈಗಳು ಕೆಲಸ ಕಂಡಿದ್ದರೆ ಮಾತ್ರ ಅದು ಬೇರೆ ವಿಷಯ. ಆ ವಾಹನ ಬೇಡ.

ಎಂಜಿನ್ ಪರೀಕ್ಷೆಗೆ ಮೊದಲ ನಿಯಮವೆಂದರೆ ಅದು ತಣ್ಣಗಿರಬೇಕು. ತಾವು ಬರುವ ಮುನ್ನ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಯಾವುದೋ ಸದ್ದನ್ನು ಅಡಗಿಸಲು ಓಡಿಸಿರಬಹುದು. ಆ ಸದ್ದು ಹೆಚ್ಚಾಗಿ ಟೈಮಿಂಗ್ ಚೈನಿನದು. ಬಿಎಂಡಬ್ಲ್ಯುವಿನ ಎನ್47 ಎಂಬ ಎರಡು ಲೀಟರ್ ಡೀಸೆಲ್ ಎಂಜಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡನೇ ತಲೆಮಾರಿನ ಎಕ್ಸ್3ರಲ್ಲಿ 2014ರವರೆಗೆ ಬಂದದ್ದು ಇದೇ. ಇದರ ಚೈನು ಎಂಜಿನ್ನಿನ ಮುಂದಿಲ್ಲ, ಹಿಂದೆ ಗೇರ್‌ಬಾಕ್ಸಿನ ಕಡೆಗಿದೆ. ಸವೆದರೆ ತಣ್ಣನೆಯ ಸ್ಟಾರ್ಟಿನಲ್ಲಿ ಲೋಹ ಉಜ್ಜಿದಂಥ ಕರಕರ ಸದ್ದು ಬರುತ್ತದೆ. ತುಂಡಾದರೆ ವಾಲ್ವುಗಳಿಗೂ ಪಿಸ್ಟನ್ನುಗಳಿಗೂ ಡಿಕ್ಕಿಯಾಗಿ ಎಂಜಿನ್ ಕೆಡುತ್ತದೆ. ಚೈನು ಚಿಕ್ಕದು, ಆದರೆ ಅಲ್ಲಿಗೆ ಕೈ ತಲುಪಲು ಗೇರ್‌ಬಾಕ್ಸ್ ಅಥವಾ ಎಂಜಿನ್ನನ್ನೇ ಇಳಿಸಬೇಕು. 2012–13ರ ಎಕ್ಸ್3 ಅಗ್ಗವಾಗಿ ಸಿಕ್ಕಿತೆಂದರೆ ಚೈನು ಬದಲಿಸಿದ ಬಿಲ್ಲು ಇದೆಯೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಇದರ ಜಾಗಕ್ಕೆ ಬಂದ ಬಿ47 ಈ ವಿಷಯದಲ್ಲಿ ಹೆಚ್ಚು ನಂಬಿಕಸ್ಥ. ಆದರೂ 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸರಣಿಯಾಗಿ ಬೆಂಕಿ ಅನಾಹುತಗಳಾದಾಗ ಬಿಎಂಡಬ್ಲ್ಯು ಅಲ್ಲಿ ಲಕ್ಷಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಹೊಗೆಯ ಒಂದು ಪಾಲನ್ನು ತಣಿಸಿ ಎಂಜಿನ್ನಿಗೆ ಮರಳಿಸುವ ಇಜಿಆರ್ ಕೂಲರಿನಲ್ಲಿ ಕೂಲೆಂಟ್ ಸೋರಿ, ಮಸಿಯೊಡನೆ ಸೇರಿ ಹೊತ್ತಿಕೊಳ್ಳುತ್ತಿತ್ತು. ಕೂಲೆಂಟ್ ಮಟ್ಟ ಕಾರಣವಿಲ್ಲದೆ ಇಳಿಯುತ್ತಿರುವ ಯಾವ ಡೀಸೆಲ್ಲನ್ನೂ ಹಗುರವಾಗಿ ತೆಗೆದುಕೊಳ್ಳಬಾರದು.

ಡೀಸೆಲ್ಲಿನ ಇನ್ನೊಂದು ಕಾಯಿಲೆ ನಗರವಾಸದಿಂದ ಬರುವಂಥದ್ದು. ಹೊಗೆಕೊಳವೆಯಲ್ಲಿ ಕೂರುವ ಡಿಪಿಎಫ್ ಎಂಬ ಸೋಸುಕ ಮಸಿಯನ್ನು ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಟ್ಟು ಸ್ವಚ್ಛವಾಗಬೇಕು. ಅದಕ್ಕೆ ಹೆದ್ದಾರಿಯಲ್ಲಿ ಒಂದೇ ವೇಗದ ಇಪ್ಪತ್ತು–ಮೂವತ್ತು ನಿಮಿಷದ ಓಟ ಬೇಕು. ಮನೆಯಿಂದ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಮೂಲಕ ಕಚೇರಿಗೆ ತೆವಳುವ ವಾಹನಕ್ಕೆ ಅದು ಸಿಗುವುದಿಲ್ಲ. ಸುಡುವ ಕೆಲಸ ಶುರುವಾಗುತ್ತದೆ, ಮುಗಿಯುವ ಮುನ್ನ ಎಂಜಿನ್ ಆಫ್ ಆಗುತ್ತದೆ. ತಾಪ ಏರಿಸಲು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ಲು ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲಿನ ಮಟ್ಟ ಗುರುತಿಗಿಂತ ಮೇಲಿದ್ದರೆ, ಡೀಸೆಲ್ಲಿನ ವಾಸನೆ ಬಂದರೆ, ಇದೇ ನಡೆದಿದೆ. ತೆಳುವಾದ ಆಯಿಲು ಬೇರಿಂಗುಗಳನ್ನೂ ಟರ್ಬೊವನ್ನೂ ತಿನ್ನುತ್ತದೆ. ಸ್ಕ್ಯಾನರ್ ಹಾಕಿದರೆ ಡಿಪಿಎಫ್‌ನಲ್ಲಿ ಎಷ್ಟು ಮಸಿ ತುಂಬಿದೆ, ಕೊನೆಯ ಸಲ ಪೂರ್ತಿಯಾಗಿ ಸುಟ್ಟದ್ದು ಎಷ್ಟು ಕಿಲೋಮೀಟರ್ ಹಿಂದೆ ಎಂದು ಓದಬಹುದು. ಆಡ್‌ಬ್ಲೂ ಬಳಸುವ ಬಿಎಸ್6 ಡೀಸೆಲ್ಲುಗಳಲ್ಲಿ, ಆ ಯೂರಿಯಾ ದ್ರಾವಣ ಹರಳುಗಟ್ಟಿ ಇಂಜೆಕ್ಟರ್ ಕಟ್ಟಿಕೊಂಡಿಲ್ಲ ಎಂಬುದನ್ನೂ ನೋಡಬೇಕು. ದ್ರಾವಣ ಪೂರ್ತಿ ಮುಗಿದರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ದಿನಕ್ಕೆ ಹತ್ತು ಕಿಲೋಮೀಟರ್ ನಗರದೊಳಗೆ ಮಾತ್ರ ಓಡಿಸುವ ಕುಟುಂಬಕ್ಕೆ ಡೀಸೆಲ್ ಎಸ್‌ಯುವಿ ತಕ್ಕದ್ದಲ್ಲ. ವಾರಕ್ಕೊಮ್ಮೆ ಹಾಸನಕ್ಕೋ ಹುಬ್ಬಳ್ಳಿಗೋ ಹೋಗಿಬರುವವರಿಗೆ ಅದು ಅತ್ಯುತ್ತಮ.

ಈ ವರ್ಗದ ಪೆಟ್ರೋಲ್ ಎಂಜಿನ್ನುಗಳಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿಗೆ ಚಿಮ್ಮುವುದರಿಂದ ಒಳಗಾಳಿಯ ವಾಲ್ವುಗಳನ್ನು ತೊಳೆಯುವವರಿಲ್ಲ. ಅಲ್ಲಿ ಇಂಗಾಲ ಕಟ್ಟುತ್ತದೆ. ಮೊದಲ ತಲೆಮಾರಿನ ಕ್ಯೂ5ರ ಆರಂಭದ ವರ್ಷಗಳ ಎರಡು ಲೀಟರ್ ಪೆಟ್ರೋಲ್ ಎಂಜಿನ್ ಆಯಿಲ್ ಕುಡಿಯುವುದಕ್ಕೆ ಹೆಸರಾಗಿತ್ತು. ಸರ್ವಿಸ್‌ಗಳ ನಡುವೆ ಎಷ್ಟು ಆಯಿಲ್ ಸೇರಿಸಿದ್ದಾರೆ ಎಂದು ಬಿಲ್ಲುಗಳಲ್ಲಿ ಹುಡುಕಬೇಕು. ಈಗ ಇಥೆನಾಲಿನ ಪ್ರಶ್ನೆಯೂ ಇದೆ. 2023ರ ಏಪ್ರಿಲ್‌ಗೆ ಮುಂಚಿನ ಹೆಚ್ಚಿನ ಕಾರುಗಳು ಶೇ 10ರ ಮಿಶ್ರಣಕ್ಕೆ ಒಪ್ಪುವಂತೆ ತಯಾರಾದವು, ಬಂಕಿನಲ್ಲಿ ಸಿಗುತ್ತಿರುವುದು ಶೇ 20. ಟ್ಯಾಂಕಿನ ಮುಚ್ಚಳದ ಒಳಬದಿಯ ಚೀಟಿಯನ್ನೂ ಕೈಪಿಡಿಯನ್ನೂ ಓದಿಯೇ ನಿರ್ಧರಿಸಬೇಕು.

ಗೇರ್‌ಬಾಕ್ಸಿನ ಆಯಿಲನ್ನು ‘ಜೀವಮಾನಪೂರ್ತಿ ಬದಲಿಸಬೇಕಿಲ್ಲ’ ಎಂಬ ಮಾತು ಈ ವಾಹನಗಳ ಸುತ್ತ ಬಹಳ ಓಡಾಡುತ್ತದೆ. ಎಕ್ಸ್3ರ ಎಂಟು ಗೇರಿನ ಪೆಟ್ಟಿಗೆ ತಯಾರಿಸುವ ಜಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಲು ಸಲಹೆ ಕೊಡುತ್ತದೆ. ಲಕ್ಷ ಕಿಲೋಮೀಟರ್ ದಾಟಿದ ವಾಹನದಲ್ಲಿ ಇದು ಆಗಿದ್ದರೆ ಮಾಲೀಕ ತಿಳಿದವನು ಎಂದೇ ಅರ್ಥ. ಕ್ಯೂ5ರ ಏಳು ಗೇರಿನ ಎಸ್-ಟ್ರಾನಿಕ್ ಜೋಡಿ ಕ್ಲಚ್ಚಿನದ್ದು. ಗಾಡಿ ತೆವಳುವಾಗ ಜರ್ಕ್ ಹೊಡೆಯುತ್ತದೆಯೇ, ಡಿ ಮತ್ತು ಆರ್ ನಡುವೆ ತಡವರಿಸುತ್ತದೆಯೇ ಎಂದು ಗಮನಿಸಬೇಕು. ನಾಲ್ಕು ಚಕ್ರದ ವ್ಯವಸ್ಥೆಯನ್ನು ಕೆಡಿಸುವುದು ಹೆಚ್ಚಾಗಿ ಹೊಂದಿಕೆಯಾಗದ ಟೈರುಗಳು. ಎರಡು ಹೊಸದು, ಎರಡು ಸವೆದದ್ದು ಹಾಕಿದರೆ ಚಕ್ರಗಳ ಸುತ್ತಳತೆ ಬೇರೆಯಾಗಿ, ಟ್ರಾನ್ಸ್‌ಫರ್ ಕೇಸಿನ ಕ್ಲಚ್ಚು ಬಿಡುವಿಲ್ಲದೆ ಜಾರುತ್ತ ಸವೆಯುತ್ತದೆ. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿದಾಗ ವಾಹನ ಹಿಡಿದು ಹಿಡಿದು ಬಿಟ್ಟಂತಾದರೆ ದೋಷ ಅಲ್ಲಿದೆ.

ಟೈರಿನ ಪಕ್ಕದಲ್ಲಿ ಡಾಟ್ ಗುರುತಿನ ಕೊನೆಗಿರುವ ನಾಲ್ಕಂಕಿ ಅದರ ಜನ್ಮಪತ್ರ: 2319 ಎಂದರೆ 2019ರ 23ನೇ ವಾರ. ಟ್ರೆಡ್ ಉಳಿದಿದ್ದರೂ ಆರು ವರ್ಷ ದಾಟಿದ ಟೈರನ್ನು ಬದಲಿಸುವ ಖರ್ಚು ಲೆಕ್ಕಕ್ಕೆ ಹಿಡಿಯಬೇಕು. ಅನೇಕ ಎಕ್ಸ್3ಗಳಲ್ಲಿ, ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲ್ಯಾಟ್ ಟೈರುಗಳಿವೆ. ಅವು ಬೆಲೆಯಲ್ಲೂ ಗಡಸುತನದಲ್ಲೂ ಹೆಚ್ಚು. ನಮ್ಮ ಗುಂಡಿಗಳಲ್ಲಿ ಬಿದ್ದೆದ್ದ ಅಲಾಯ್ ಚಕ್ರಗಳ ಒಳಅಂಚು ಬಾಗಿರುವುದು ತೀರ ಸಾಮಾನ್ಯ, ಲಿಫ್ಟಿನ ಮೇಲೆ ಚಕ್ರ ತಿರುಗಿಸಿದರೆ ಕಣ್ಣಿಗೇ ಕಾಣುತ್ತದೆ. ಏರ್ ಸಸ್ಪೆನ್ಶನ್ ಇರುವ ವಾಹನವನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಬೇಕು. ಒಂದು ಮೂಲೆ ಕುಸಿದಿದ್ದರೆ ಗಾಳಿಚೀಲ ಸೋರುತ್ತಿದೆ, ಮತ್ತು ಅದನ್ನು ತುಂಬಿಸುತ್ತಲೇ ಇರುವ ಕಂಪ್ರೆಸರಿಗೂ ಆಯುಷ್ಯ ಕಡಿಮೆ.

ಗಾಜಿನ ಚಾವಣಿ ಅಂದವಾದದ್ದು, ಆದರೆ ಅದರ ನಾಲ್ಕು ಮೂಲೆಯ ನೀರುಗೊಳವೆಗಳಲ್ಲಿ ಮರದ ಎಲೆ, ಹೂವು ಕಟ್ಟಿಕೊಂಡರೆ ಮಳೆನೀರು ಕಂಬದೊಳಗಿಂದ ಇಳಿದು ಕಾರ್ಪೆಟ್ಟಿಗೆ ಸೇರುತ್ತದೆ. ಮರದಡಿ ನಿಲ್ಲಿಸುವ ಬೆಂಗಳೂರಿನ ವಾಹನಗಳಲ್ಲಿ ಇದನ್ನು ಒಂದು ಲೋಟ ನೀರು ಹೊಯ್ದಾದರೂ ಪರೀಕ್ಷಿಸಬೇಕು. ಬೇಸ್‌ಮೆಂಟಿನಲ್ಲಿ ನಿಲ್ಲುವ ವಾಹನಗಳಿಗೆ ಇಲಿಯ ಕಾಟ. ಕಚ್ಚಿದ ವೈರಿಗೆ ಟೇಪು ಸುತ್ತಿರುವುದು ಬಾನೆಟ್ಟಿನಡಿ ಕಾಣಬಹುದು. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಹೊತ್ತಲೇ ಇಲ್ಲ ಎಂದರೆ ಯಾರೋ ಅದನ್ನು ಅಡಗಿಸಿದ್ದಾರೆ. ಎರಡೂ ಕೀಲಿಗಳು ಬೇಕು, ಚಕ್ರದ ಕಳ್ಳತನ ತಡೆಯುವ ಬೋಲ್ಟಿನ ಅಡಾಪ್ಟರೂ ಬೇಕು. ಅದಿಲ್ಲದೆ ಪಂಕ್ಚರ್ ಆದ ದಿನ ಚಕ್ರ ಬಿಚ್ಚಲಾಗದು.

ಸ್ಕ್ಯಾನಿಂಗ್ ಇಲ್ಲದ ಪರೀಕ್ಷೆ ಈ ವರ್ಗದಲ್ಲಿ ಪರೀಕ್ಷೆಯೇ ಅಲ್ಲ. ಸಾವಿರ ರೂಪಾಯಿಯ ಸಾಮಾನ್ಯ ರೀಡರು ಎಂಜಿನ್ನಿನ ಕೆಲವು ದೋಷಗಳನ್ನು ಮಾತ್ರ ಹೇಳುತ್ತದೆ. ಬಿಎಂಡಬ್ಲ್ಯುಗೆ ಇಸ್ತಾ, ಆಡಿಗೆ ಓಡಿಸ್, ಮರ್ಸಿಡಿಸ್‌ಗೆ ಝೆಂಟ್ರಿ, ವೋಲ್ವೊಗೆ ವಿಡಾ ಎಂಬ ಕಂಪನಿಯ ತಂತ್ರಾಂಶಗಳಿವೆ. ಅವು ಪ್ರತಿ ಘಟಕವನ್ನೂ ಮಾತಾಡಿಸುತ್ತವೆ. ದೋಷಗಳೇ ಇಲ್ಲ ಎಂದು ಬಂದರೂ ‘ರೆಡಿನೆಸ್’ ಪಟ್ಟಿ ನೋಡಬೇಕು. ಅದರಲ್ಲಿ ಹಲವು ಪರೀಕ್ಷೆಗಳು ಅಪೂರ್ಣ ಎಂದಿದ್ದರೆ ಹಿಂದಿನ ದಿನವೋ ಆ ಬೆಳಿಗ್ಗೆಯೋ ದೋಷಗಳನ್ನು ಅಳಿಸಿರಬಹುದು. ಟೆಸ್ಟ್ ಡ್ರೈವ್ ಕೂಡ ಬಡಾವಣೆಯ ಒಂದು ಸುತ್ತಿಗೆ ಮುಗಿಯಬಾರದು. ಮುಕ್ಕಾಲು ಗಂಟೆ ಬೇಕು: ಕೆಟ್ಟ ರಸ್ತೆಯಲ್ಲಿ ಆಡಿಯೊ ಆರಿಸಿ ಕಟಕಟ ಸದ್ದಿಗೆ ಕಿವಿಗೊಡುವುದು, ಹೆದ್ದಾರಿಯಲ್ಲಿ 80ರ ವೇಗದಿಂದ ಬ್ರೇಕ್ ಹಾಕಿ ಸ್ಟಿಯರಿಂಗ್ ನಡುಗುತ್ತದೆಯೇ ನೋಡುವುದು, ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ನಿಂತಾಗ ಎಂಜಿನ್ ತಾಪ ಏರುತ್ತದೆಯೇ ಗಮನಿಸುವುದು.

ಬೆಲೆ ಮಾತಾಡುವಾಗ ಹೋಲಿಕೆ ಇಂದಿನ ಹೊಸ ವಾಹನದ ಬೆಲೆಗೆ ಇರಬೇಕು, ಮಾಲೀಕ ಅಂದು ಕೊಟ್ಟ ಬೆಲೆಗಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಸೆಸ್ ಇಲ್ಲದೆ ಶೇ 40ಕ್ಕೆ ಬಂತು. ಎಸ್‌ಯುವಿಗಳ ಮೇಲೆ ಮೊದಲು ಸೆಸ್ ಸೇರಿ ಒಟ್ಟು ಶೇ 50 ಇತ್ತು. ಹೊಸದು ಅಗ್ಗವಾದಾಗ ಹಳೆಯದೂ ಇಳಿಯಲೇಬೇಕು. ಕಂಪನಿಗಳೇ ನಡೆಸುವ ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಮರ್ಸಿಡಿಸ್ ಬೆಂಜ್ ಸರ್ಟಿಫೈಡ್, ಆಡಿ ಅಪ್ರೂವ್ಡ್ ಪ್ಲಸ್ ಮಳಿಗೆಗಳಲ್ಲಿ ದರ ಹೆಚ್ಚು, ಆದರೆ ಪರೀಕ್ಷೆ ಮತ್ತು ವಾರಂಟಿ ಜೊತೆಗಿರುತ್ತದೆ. ಮೊದಲ ಸಲ ಇಂಥ ವಾಹನ ಕೊಳ್ಳುವವರಿಗೆ ಆ ಹೆಚ್ಚುವರಿ ಹಣ ದಂಡವಲ್ಲ. ನೇರವಾಗಿ ಮಾಲೀಕನಿಂದ ಕೊಂಡರೆ ಬೆಲೆಯ ಶೇ 10ರಷ್ಟನ್ನು ಮೊದಲ ವರ್ಷದ ದುರಸ್ತಿಗೆಂದು ಬದಿಗಿಡಬೇಕು. ಆ ಹಣ ಇಲ್ಲದಿದ್ದರೆ ವಾಹನ ಕೈಗೆಟುಕುವುದಿಲ್ಲ ಎಂದೇ ತಿಳಿಯಬೇಕು.

ವ್ಯವಹಾರ ಕುದುರಿದ ಮೇಲೆ ಫಾರಂ 29 ಮತ್ತು 30ಕ್ಕೆ ಸಹಿಯಾಗಿ ಆರ್‌ಟಿಒಗೆ ಸಲ್ಲಬೇಕು, ಫಾಸ್ಟ್ಯಾಗ್ ಹಳೆಯ ಮಾಲೀಕನ ಖಾತೆಯಿಂದ ಬಿಡಬೇಕು, ಬಾಕಿ ದಂಡ ಕಟ್ಟಿರಬೇಕು. ವಿಮೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ವಾಹನ ಕೈ ಬದಲಾದಾಗ ಥರ್ಡ್ ಪಾರ್ಟಿ ವಿಮೆ ತಾನಾಗಿ ಹೊಸ ಮಾಲೀಕನಿಗೆ ವರ್ಗವಾಗುತ್ತದೆ, ಸ್ವಂತ ವಾಹನದ ಹಾನಿಗೆ ಸಿಗುವ ಭಾಗ ವರ್ಗವಾಗುವುದಿಲ್ಲ. ನೋ ಕ್ಲೇಮ್ ಬೋನಸ್ ಕೂಡ ಹಳೆಯ ಮಾಲೀಕನ ಜೊತೆಗೇ ಹೋಗುತ್ತದೆ. ಖರೀದಿಯಾದ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ವಾಹನ ಮನೆಗೆ ತಂದ ದಿನವೇ ಆ ಅರ್ಜಿ ಹೋಗಲಿ.